ಎರಡನೆಯ ಓದುಗರು

ಬ್ರದರ್ ಮಾಡಿದ ತಪ್ಪು ಇಷ್ಟೇ. ತೀರಿಹೋದವರ ಹೆಸರು ಬರೆದು, ರುಜುವನ್ನೂ ತಾನೇ ಹಾಕಿಬಿಟ್ಟ.

ಹದಿನೈದು ವರ್ಷ ವಾರ್ಡಿನಲ್ಲಿ ಸವೆದ ಈ ಗಂಡು ನರ್ಸು ಈಗ ಪಿಎಚ್.ಡಿ.ಗೆ ಸೇರಿದ್ದ. ಹಾಸಿಗೆ ಹುಣ್ಣಿನ ಬಗ್ಗೆ ಬಂದ ನಾನೂರು ಸಂಶೋಧನಾ ಲೇಖನಗಳಲ್ಲಿ ನಂಬಬಹುದಾದವನ್ನು ಆರಿಸಬೇಕಿತ್ತು. ಈ ವರ್ಷವಷ್ಟೇ ಕಾಲೇಜಿಗೆ ಬಂದ ಗೈಡ್ ಮೇಡಂ ಬಲು ಕಟ್ಟುನಿಟ್ಟು. "ಇಬ್ರು ಬೇರೆ ಬೇರೆ ಕೂತು ಓದಿ ಟಿಕ್ಕೋ ಇಂಟೋ ಹಾಕ್ಬೇಕು. ಇವತ್ತು ನಾಲ್ಕು ಗಂಟೆಗೆ ಪಟ್ಟಿ ಬರ್ಲಿಲ್ವೋ, ಸೀಟು ಮರ್ತುಬಿಡಿ" ಎಂದಿದ್ದರು.

ಜೊತೆಗೆ ಓದುತ್ತೇನೆಂದಿದ್ದ ಸಹಪಾಠಿ ಬೆಳಗ್ಗೆ ಕೈಕೊಟ್ಟಳು. ಬ್ರದರ್ ತಲೆ ಕೆರೆದುಕೊಳ್ಳುತ್ತ ಗ್ರಂಥಾಲಯದ ಗೋಡೆ ನೋಡಿದ. ಅಲ್ಲಿ ಹಿಂದೆ ನರ್ಸುಗಳ ಮುಖ್ಯಸ್ಥೆಯಾಗಿದ್ದ ಮೇಟ್ರನ್ ಅವರ ಫೋಟೋ, ಜೇಬಿನಲ್ಲಿ ಕೆಂಪು ಪೆನ್ನು. ತೀರಿಹೋಗಿ ಒಂಬತ್ತು ವರ್ಷ, ಬೇಡವೆನ್ನಲಾರರು. ಅವರ ಹೆಸರಿನ ಕೆಳಗೆ ತನ್ನ ಟಿಕ್ಕುಗಳನ್ನೇ ಇಳಿಸಿ ಚಹಾ ಕುಡಿಯಲು ಹೋದ.

ಬಂದು ನೋಡಿದರೆ ಮೇಟ್ರನ್ ಹೆಸರಿನ ಕೆಳಗೆ ಮೂವತ್ತೇಳು ಕೆಂಪು ಇಂಟು ಮಾರ್ಕು! ಪಕ್ಕದಲ್ಲಿ ಕಾರಣ ಬೇರೆ: 'ರೋಗಿಗಳು ಆರೇ ಮಂದಿ.' 'ಹಾಸಿಗೆ ಮಾರುವವರೇ ಬರೆಸಿದ್ದು.' ಲೇಖನ ತೆಗೆದು ನೋಡಿದ. ಕಾರಣ ಒಂದೂ ತಪ್ಪಿರಲಿಲ್ಲ.

"ನನ್ನ ಪಟ್ಟಿ ಯಾರು ಸಾರ್ ಮುಟ್ಟಿದ್ದು?"

ಗ್ರಂಥಪಾಲಕ ತಲೆ ಎತ್ತಲಿಲ್ಲ. "ನಿಮ್ ಜೊತೆಯವ್ರೇ ಕಣ್ರೀ. ಬಿಳಿ ಕೋಟು, ವಯಸ್ಸಾದವ್ರು. 'ಇವ್ನು ಓದೇ ಇಲ್ಲ' ಅಂತ ಗೊಣಗ್ತಿದ್ರು. ಅವ್ರು ಬಂದ್ಮೇಲೆ ಯಾಕೋ ಚಳಿ ಅಂತ ಫ್ಯಾನ್ ಆರಿಸ್ದೆ."

ಬ್ರದರ್ ಫೋಟೋ ನೋಡಿದ. ಜೇಬಿನಲ್ಲಿ ಪೆನ್ನಿರಲಿಲ್ಲ.

ಎರಡೂ ಹೆಸರಿಗೆ ಮತ್ತೆ ಅವೇ ಟಿಕ್ಕು ಹಾಕಿ ಹೊಸ ಪಟ್ಟಿ ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದು ಕೂತ. ನಾಲ್ಕಕ್ಕೆ ತೆಗೆದರೆ ಅದೇ ಮೂವತ್ತೇಳು. ಕೆಳಗೊಂದು ಸಾಲು ಹೆಚ್ಚು: 'ಬೀಗದ ಅಗತ್ಯವಿರಲಿಲ್ಲ.' ಬೇರೆ ಪಟ್ಟಿಗೆ ಸಮಯವಿರಲಿಲ್ಲ. ಆ ಸಾಲನ್ನು ಹರಿದು ಬಿಸಾಡಿ ಮೇಡಂ ಕೋಣೆಗೆ ಓಡಿದ.

ಪಟ್ಟಿ ನೋಡಿ ಮೇಡಂ ಮುಖ ಅರಳಿತು. "ಎಲ್ರೂ ಇಬ್ರದ್ದೂ ಒಂದೇ ತರ ಟಿಕ್ ಮಾಡ್ಕೊಂಡ್ ಬರ್ತಾರೆ. ನಿಮ್ದು ಅಸಲಿ ಕೆಲ್ಸ!"

"ಹಾಗಾದ್ರೆ ಸೀಟು ಉಳೀತಾ ಮೇಡಂ?"

"ಇನ್ನೊಂದ್ ಹೆಜ್ಜೆ ಇದೆಯಲ್ಲ. ಅಭಿಪ್ರಾಯ ಬೇರೆಯಾದ ಕಡೆ ಇಬ್ರೂ ಎದುರುಬದುರು ಕೂತು ಮಾತಾಡಿ ತೀರ್ಮಾನಿಸ್ಬೇಕು. ಪಾಠ ಮಾಡಿದ್ನಲ್ಲ?"

"ಅವ್ರು ಸಿಗೋದು... ಸ್ವಲ್ಪ ಕಷ್ಟ ಮೇಡಂ."

"ಏನ್ ಕಷ್ಟ? ಈಗ ತಾನೆ ಬಂದು ಹೇಳಿ ಹೋದ್ರು. ಓದೋ ಕೋಣೆಲಿ ಕಾಯ್ತಾರಂತೆ. ನೀವೊಬ್ರೇ ಬರ್ಬೇಕಂತೆ."

ನಿಜ ಹೇಳಿದರೆ ಸೀಟು ಹೋಗುತ್ತದೆ. ಬ್ರದರ್ ಕಾಲೆಳೆಯುತ್ತ ನಡೆದ. ಓದುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕುರ್ಚಿ ಎಳೆದ ಸದ್ದಾಯಿತು.

"ಬಾಪ್ಪ, ಕೂತ್ಕೋ. ಮೊದಲ್ನೇ ಲೇಖನ ಜೋರಾಗಿ ಓದು. ನಂಗೇನೂ ಅವಸರ ಇಲ್ಲ."