ಬೀಗರ ಮುಂದೆ ಉಸಿರು ಬಿಟ್ಟ ಜನರೇಟರ್ ಮಹಾಶಯರಿಗೆ

ಚನ್ನಗಿರಿ,
೧೯೭೯ರ ಆಷಾಢ

ಮಾನ್ಯರೇ,

ತಮ್ಮ ಸನ್ನಿಧಾನಕ್ಕೆ ಜವಳಿ ವ್ಯಾಪಾರಿ ಮರುಳಸಿದ್ದಪ್ಪನು ಎರಡೂ ಕೈಗಳನ್ನು, ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿರುವ ತಮ್ಮ ಮಸಿಯ ಸಮೇತ, ಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬಲಭುಜವೊಂದನ್ನು ಬಿಟ್ಟು ನಾನು ಕ್ಷೇಮ. ತಮ್ಮ ಕ್ಷೇಮವನ್ನು ಬೇರೆ ವಿಚಾರಿಸಬೇಕಿಲ್ಲ. ಕೆಲಸವನ್ನೇ ಮಾಡದವರ ಆರೋಗ್ಯಕ್ಕೆ ಏನು ಧಕ್ಕೆ? ನಮ್ಮ ಹಿತ್ತಿಲಿನಲ್ಲಿ, ಮನೆಗಾಡಿಯ ಹಿಂಬದಿಯ ಕಬ್ಬಿಣದ ಗೂಡಿನಲ್ಲಿ, ಗೋಣಿಚೀಲ ಹೊದ್ದು ಮಲಗಿರುವ ತಮ್ಮ ಬಳಿಗೆ ಹತ್ತು ಹೆಜ್ಜೆ ನಡೆದು ಬಂದು ಮುಖತಃ ಹೇಳಬಹುದಾಗಿತ್ತು. ಆದರೆ ತಾವು ಜಗಳೂರಿನಲ್ಲಿ ನನಗೆ ಮಾಡಿದ ಸತ್ಕಾರವನ್ನು ಒಂದು ಬಸ್ಸು ತುಂಬ ಬೀಗರು ಕಣ್ಣಾರೆ ನೋಡಿರುವುದರಿಂದ, ಇನ್ನು ಗುಟ್ಟು ಮಾಡಿ ಉಳಿಸಿಕೊಳ್ಳುವ ಮಾನ ನನ್ನಲ್ಲಿ ಇಲ್ಲವೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮ ಪ್ರಥಮ ದರ್ಶನವಾದದ್ದು ನ್ಯಾಮತಿಯಲ್ಲಿ, ಮರದ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಅಂಗಳದಲ್ಲಿ. ಅಂಗಡಿಯ ಕಪಾಟಿಗೆ ಹಲಗೆ ತರಲು ಹೋಗಿದ್ದ ನನ್ನ ಕಣ್ಣಿಗೆ, ಬಿಳಿಯರ ಕಾಲದಲ್ಲಿ ಯಾವನೋ ದೊರೆ ಕಾಡು ಸುತ್ತುವುದಕ್ಕೆಂದು ಮಾಡಿಸಿದ, ಬಸ್ಸಿನಂಥ ಮೂತಿಯ ಈ ಗಾಡಿ ಬಿತ್ತು. ಒಳಗೆ ಮಂಚ, ಬೀರು, ಒಲೆ, ಕೈತೊಳೆಯುವ ಪಿಂಗಾಣಿ ಬೋಗುಣಿ ಎಲ್ಲವೂ ಇದ್ದವು. ಬೋಗುಣಿಯಲ್ಲಿ ಪಕ್ಕದ ಮನೆಯ ಕೋಳಿ ಕಾವಿಗೆ ಕೂತಿತ್ತು. ಮಲ್ಲಿಕಾರ್ಜುನಪ್ಪನವರು, "ಇದು ಬರೀ ಗಾಡಿ ಅಲ್ರೀ, ಓಡಾಡೋ ಮನೆ. ಹಿಂದೆ ಜನರೇಟ್ರು ಐತೆ ನೋಡ್ರಿ, ಕರೆಂಟಿಗೆ ಯಾರ ಹಂಗೂ ಇಲ್ಲ" ಎಂದು ತಮ್ಮ ಮುಚ್ಚಳವನ್ನು ಎತ್ತಿ ತೋರಿಸಿದರು. ಹಂಗಿಲ್ಲದ ಬೆಳಕು ಎಂಬ ಮಾತು ಕೇಳಿದ ಮೇಲೆ ನನಗೆ ಬೇರೆ ಮಾತು ಕೇಳಿಸಲಿಲ್ಲ. ಹಳೆಯ ಯಂತ್ರಗಳನ್ನು ಕಂಡರೆ ನನ್ನ ಬುದ್ಧಿ ಮಂದವಾಗುತ್ತದೆಂದು ಚನ್ನಗಿರಿಯ ಪೇಟೆಯೆಲ್ಲ ಬಲ್ಲದು. ಹಾಡದ ಗ್ರಾಮಫೋನು, ಹೊಲಿಯದ ಹೊಲಿಗೆ ಯಂತ್ರ, ಗಂಟೆ ಹೊಡೆಯುವ ಆದರೆ ಮುಳ್ಳು ತಿರುಗದ ಗಡಿಯಾರ, ಇವೆಲ್ಲ ನಮ್ಮ ಮನೆಯಲ್ಲಿ ಪಿಂಚಣಿ ತಿನ್ನುತ್ತಿವೆ.

ಗಾಡಿಯನ್ನು ಕೊಂಡು ಮನೆಗೆ ಬರುವಾಗ ಹೊನ್ನಾಳಿಯಲ್ಲಿ ಹೊಳೆಯ ದಂಡೆಗೆ ನಿಲ್ಲಿಸಿ ತಮ್ಮನ್ನು ಪರೀಕ್ಷಿಸಿದಾಗ, ಹಗ್ಗದ ಒಂದೇ ಎಳೆತಕ್ಕೆ ತಾವು ಎದ್ದು ಕೂತು ಗರ್ಜಿಸಿದಿರಿ, ಗಾಡಿಯೊಳಗಿನ ದೀಪಗಳೆಲ್ಲ ಹಗಲಿನಲ್ಲೇ ಉರಿದವು, ನೀರಿನಲ್ಲಿ ಮಲಗಿದ್ದ ಎಮ್ಮೆಗಳೆಲ್ಲ ಎದ್ದು ಸಾಸ್ವೆಹಳ್ಳಿಯ ದಿಕ್ಕಿಗೆ ಓಟ ಕಿತ್ತವು. ಎಮ್ಮೆಯವರು ನನ್ನನ್ನು ಬೈದ ಬೈಗುಳವನ್ನು ನಾನು ಜಯಕಾರವೆಂದೇ ತಿಳಿದು ಕೈಮುಗಿದೆ. ಆಗ ತಾವು ತೋರಿಸಿದ ಆ ಹುರುಪು ಪರರ ಎಮ್ಮೆಗಳಿಗೆ ಮಾತ್ರ ಮೀಸಲೆಂದು ನನಗೆ ಹೇಗೆ ಗೊತ್ತಾಗಬೇಕು?

ಮನೆಯ ಮುಂದೆ ಗಾಡಿ ನಿಂತಾಗ ನನ್ನ ಹೆಂಡತಿ ಸರ್ವಮಂಗಳಮ್ಮ ಮೊರವನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದು ನೋಡಿದಳು. "ಹಲಗೆ ತರಾಕೆ ಹೋದೋರು ಮನೆ ತಂದೀರಿ. ಮನೆ ತರಾಕೆ ಹೋಗಿದ್ರೆ ಊರನ್ನೇ ಎಳ್ಕೊಂಡು ಬರ್ತಿದ್ರೇನೋ" ಎಂದು ಒಳಗೆ ಹೋಗಿ ಅಕ್ಕಿ ಕೇರತೊಡಗಿದಳು.

ಇಷ್ಟರಲ್ಲಿ ಜಗಳೂರಿನಿಂದ ಲಗ್ನಪತ್ರಿಕೆ ಬಂತು. ಸರ್ವಮಂಗಳಮ್ಮನ ತಮ್ಮ, ಶೇಂಗಾ ವ್ಯಾಪಾರಿ ಕೊಟ್ರಬಸಪ್ಪನ ಮಗಳ ಮದುವೆ. ತಮಗೆ ತಿಳಿದಿರಲಾರದು, ನಾನೂ ಕೊಟ್ರಬಸಪ್ಪನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ನನ್ನ ಗ್ರಾಮಫೋನನ್ನು ಹೆಗ್ಗಣದ ಗೂಡೆಂದ. ನಾನು, ನಿಮ್ಮೂರ ಉಪ್ಪುನೀರಿನಲ್ಲಿ ಮಾಡಿದ ಪಾಯಸಕ್ಕೆ ಉಪ್ಪಿನಕಾಯಿಯೇ ಬೇಕಿಲ್ಲವೆಂದೆ. ಅವನು, ಹಾಗಾದರೆ ತುಂಗಭದ್ರೆಯನ್ನು ಚೊಂಬಿನಲ್ಲಿ ಹೊತ್ತು ತರಬೇಕಿತ್ತೆಂದ. ನಾನು ಎಲೆ ಬಿಟ್ಟು ಎದ್ದೆ. ಎರಡು ಸಂಸಾರದ ಹಿರಿಯರು ಉಪ್ಪಿಗಾಗಿ ಮುಖ ತಿರುಗಿಸಿಕೊಂಡು ಕೂತೆವು. ಪತ್ರಿಕೆಯ ಮೇಲೆ ಅವನು ಅಕ್ಕನ ಹೆಸರನ್ನು ಮಾತ್ರ ಬರೆದಿದ್ದ. ಅದನ್ನು ನೋಡಿ ನಾನು, ನೀನೊಬ್ಬಳೇ ಬಸ್ಸಿನಲ್ಲಿ ಹೋಗಿ ಬಾ ಎಂದೆ. ಅವಳು ಪತ್ರಿಕೆಯನ್ನು ಮಡಿಸಿ ದೇವರ ಗೂಡಿನಲ್ಲಿಟ್ಟಳು. ಆಮೇಲೆ, "ಒಬ್ಬಳೇ ಹೋಗಿ ಒಬ್ಬಳೇ ಬಂದು ಸಾಕಾಗೈತೆ ಕಣ್ರೀ. ಹೋದಲ್ಲೆಲ್ಲ ನಿಮ್ಮ ಯಜಮಾನ್ರು ಎಲ್ಲಿ ಅಂತಾರೆ. ಸಂತೆಗೆ ಹೋದ್ರು, ಜ್ವರ ಬಂತು ಅಂತ ಎಷ್ಟು ಸಲ ಸುಳ್ಳು ಹೇಳ್ಲಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನೂ ಸಿಟ್ಟು ಮಾಡಿ ಗೆದ್ದುಬಿಡುತ್ತಿದ್ದೆ. ಸಿಟ್ಟಿರಲಿಲ್ಲ.

ಮಾನ್ಯರೇ, ಒಬ್ಬ ಸಾಧಾರಣ ಗಂಡಸಾಗಿದ್ದರೆ ಸುಮ್ಮನೆ ಶಲ್ಯ ಹೊದ್ದು ಹೆಂಡತಿಯ ಜೊತೆ ಬಸ್ಸು ಹತ್ತುತ್ತಿದ್ದ. ನಾನು ಸಾಧಾರಣನಲ್ಲ, ಜನರೇಟರ್ ಇಟ್ಟುಕೊಂಡವನು. ಬೇಸಿಗೆಯಲ್ಲಿ ಜಗಳೂರಿಗೆ ಸಂಜೆಯಾದರೆ ಕರೆಂಟು ಇರುವುದಿಲ್ಲವೆಂದು ಬಲ್ಲೆ. ಕತ್ತಲಾದ ಚಪ್ಪರಕ್ಕೆ ನಾನು ಬೆಳಕು ಕೊಡುವುದು, ಕೊಟ್ರಬಸಪ್ಪ ಕಣ್ಣು ಕುಕ್ಕಿ ತಲೆ ತಗ್ಗಿಸುವುದು, ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸುವುದು, ಹೀಗೆ ಎಲ್ಲವನ್ನೂ ಮಲಗಿದಲ್ಲೇ ಯೋಜಿಸಿದೆ. ಹಿಟ್ಟಿನ ಗಿರಣಿಯ ಮಹೇಶ್ವರಪ್ಪನವರು ಬಂದು ತಮ್ಮ ಎದೆಗೆ ಕಿವಿಯಿಟ್ಟು ಕೇಳಿ, "ಗುಂಡಿಗೆ ಗಟ್ಟಿ ಐತೆ ಬಿಡ್ರಿ, ಇನ್ನ ಹತ್ತು ಮದುವೆ ನೋಡ್ತೈತೆ" ಎಂದು ಸರ್ಟಿಫಿಕೇಟು ಕೊಟ್ಟರು. ಅವರ ಗಿರಣಿಯೇ ಕೆಟ್ಟು ನಿಂತಿದ್ದುದನ್ನು ನಾನು ಶಕುನವೆಂದು ಎಣಿಸಬೇಕಿತ್ತು.

ಮದುವೆಯ ಹಿಂದಿನ ದಿನ, ಸಂತೇಬೆನ್ನೂರು, ದಾವಣಗೆರೆ ದಾಟಿಕೊಂಡು ನಾನೇ ಗಾಡಿ ಓಡಿಸಿಕೊಂಡು ಹೋದೆ. ಸರ್ವಮಂಗಳಮ್ಮ ಮಂಚದ ಮೇಲೆ ಮಲಗದೆ ದಾರಿಯುದ್ದಕ್ಕೂ ಬೀರುವಿನ ಬಾಗಿಲು ಹಿಡಿದುಕೊಂಡೇ ಬಂದಳು. ಬಿಟ್ಟರೆ ಅದು ಕಳಚಿ ಬೀಳುತ್ತಿತ್ತು. ಚಪ್ಪರದ ಮುಂದೆ ಇಳಿದಾಗ ಕೊಟ್ರಬಸಪ್ಪ ಹೊಸ ರೇಷ್ಮೆ ಪಂಚೆ ಉಟ್ಟು ನಿಂತಿದ್ದ. "ಬಾರಕ್ಕ" ಎಂದು ಅಕ್ಕನನ್ನು ಒಳಗೆ ಕರೆದ. ನನ್ನ ಕಡೆ ನೋಡಿ, ನನ್ನ ಹಿಂದೆ ಯಾರೋ ಇದ್ದಾರೇನೋ ಎಂಬಂತೆ ಇಣುಕಿ, ತಿರುಗಿ ಹೋದ. ನಾನು ಕುಡಿಯಲು ನೀರೂ ಕೇಳದೆ ತಮ್ಮಿಂದ ಚಪ್ಪರಕ್ಕೆ ತಂತಿ ಎಳೆದು ಬಲ್ಬು ಕಟ್ಟಿದೆ.

ಸಂಜೆ ಕೊಟ್ಟೂರಿನಿಂದ ಬೀಗರ ಬಸ್ಸು ಊರ ಹೊರಗೆ ಬಂತೆಂದು ಸುದ್ದಿ ಬಂದದ್ದಕ್ಕೂ, ಕರೆಂಟು ಹೋದದ್ದಕ್ಕೂ ಸರಿಹೋಯಿತು. ಆರತಿ ತಟ್ಟೆ ಹಿಡಿದ ಹೆಂಗಸರು ಕತ್ತಲಲ್ಲಿ ಒಬ್ಬರ ಕಾಲು ಒಬ್ಬರು ತುಳಿದರು. ಒಳಗಿನಿಂದ ಮದುವೆಯ ಹುಡುಗಿ ಶಾಂತಾದೇವಿ, "ಅಪ್ಪಾಜಿ, ಅವರು ಬರೋ ಹೊತ್ತಿಗೆ ಹಿಂಗಾತಲ್ಲ" ಎಂದು ಅಳುದನಿಯಲ್ಲಿ ಕೂಗಿದ್ದು ಕೇಳಿತು. ನಾನು ಗಾಡಿಯ ಮೆಟ್ಟಿಲೇರಿ, "ಯಾರೂ ಹೆದರಬ್ಯಾಡ್ರಿ, ಮರುಳಸಿದ್ದಪ್ಪ ಅದಾನೆ" ಎಂದು ಘೋಷಿಸಿ ತಮ್ಮ ಹಗ್ಗ ಎಳೆದೆ. ತಾವು ಎದ್ದಿರಿ. ಚಪ್ಪರ ಬೆಳಗಿತು. ಜನ ಹೋ ಎಂದರು. ನಾನು ಕೊಟ್ರಬಸಪ್ಪನ ಮುಖವನ್ನು ಹುಡುಕುತ್ತಿದ್ದಂತೆಯೇ ದೀಪಗಳು ಹಳದಿಯಾಗಿ, ಕೆಂಪಾಗಿ, ತಾವು ಅಜ್ಜನಂತೆ ಕೆಮ್ಮಿ, ಒಮ್ಮೆ ಆಕಳಿಸಿ, ಸ್ತಬ್ಧರಾದಿರಿ.

ಎಳೆದೆ. ಮತ್ತೆ ಎಳೆದೆ. ತಮ್ಮನ್ನು ಬೇಡಿದೆ, ಬೈದೆ, ಮನೆದೇವರಿಗೆ ಹರಕೆ ಹೊತ್ತೆ. ಭುಜ ಕಿತ್ತು ಬರುವಂತಾದಾಗ ಬೆನ್ನ ಹಿಂದಿನಿಂದ ಒಂದು ದನಿ, "ಬಿಡ್ರಿ ಭಾವ, ನಾ ಎಳೀತೀನಿ" ಎಂದಿತು. ವರ್ಷಗಳ ಮೇಲೆ ಕೇಳಿದ ಆ ಭಾವ ಎಂಬ ಶಬ್ದಕ್ಕೆ ನಾನು ಏನು ಉತ್ತರ ಕೊಡಬೇಕಿತ್ತೋ ಅದನ್ನು ಕೊಡದೆ, "ನಿನ್ನ ಕೈಲಿ ಆಗಲ್ಲ, ಪಂಚೆ ಹಾಳಾಗ್ತೈತೆ" ಎಂದೆ. "ಹಾಳಾದ್ರೆ ಆಗ್ಲಿ. ನಿಮ್ಮ ಅಂಗಡೀಲಿ ಇನ್ನೊಂದು ಸಿಗಲ್ವಾ?" ಎಂದು ಕೊಟ್ರಬಸಪ್ಪ ನನ್ನ ಕೈಯ ಪಕ್ಕದಲ್ಲೇ ಹಗ್ಗ ಹಿಡಿದ. ಇಬ್ಬರೂ ಸೇರಿ ಎಳೆದೆವು. ಆಗ ತಾವು ಕೃಪೆ ಮಾಡಿದ್ದು ಬೆಳಕನ್ನಲ್ಲ. ಹಂಡೆಯ ತಳದಂಥ ಕಪ್ಪು ಹೊಗೆಯನ್ನೂ ಅದರ ಜೊತೆಗೆ ಬೆಚ್ಚನೆಯ ಎಣ್ಣೆಯನ್ನೂ ಮೊಳಕಾಲಿನಿಂದ ನೆತ್ತಿಯವರೆಗೆ ಇಬ್ಬರಿಗೂ ಭೇದವಿಲ್ಲದೆ ಪ್ರೋಕ್ಷಿಸಿದಿರಿ.

ಹೆಂಗಸರು ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಂದ ಗ್ಯಾಸ್‌ಲೈಟು ತಂದು ಹಚ್ಚಿದ್ದರು. ಬೀಗರು ಇಳಿದರು. ಎಲ್ಲರಿಗಿಂತ ಮುಂದೆ ಗಂಡಿನ ಅಜ್ಜಿ ಶಂಕ್ರಮ್ಮನವರು, ಕೋಲು ಊರಿಕೊಂಡು. ಅವರು ನೇರವಾಗಿ ನಮ್ಮಿಬ್ಬರ ಮುಂದೆ ನಿಂತು ಮೇಲಿನಿಂದ ಕೆಳಗೆ ನೋಡಿ, "ಲೈಟಿನೋರು ಪಾಪ ಹೆಂಗಾಗವ್ರೆ ನೋಡ್ರಿ. ಇವರಿಗೆ ಮೊದ್ಲು ಊಟಕ್ಕೆ ಹಾಕ್ರವ್ವಾ. ಹಸಿದ ಮನುಷ್ಯನ ಕೈಲಿ ಯಾವ ಮಿಷನ್ನೂ ಓಡಲ್ಲ" ಎಂದು ಅಪ್ಪಣೆ ಮಾಡಿದರು. ನಾನು ನಿಜ ಹೇಳಲು ಬಾಯಿ ತೆರೆದೆ. ಕೊಟ್ರಬಸಪ್ಪ ನನ್ನ ತೋಳು ಚಿವುಟಿ, "ಸುಮ್ನಿರ್ರಿ ಭಾವ, ಈ ಮುಖ ಇಟ್ಕೊಂಡು ನಾನೇ ಹೆಣ್ಣಿನ ತಂದೆ ಅಂದ್ರೆ ಬಂದ ಬಸ್ಸು ಹಂಗೇ ತಿರುಗ್ತೈತೆ" ಎಂದು ಪಿಸುಗುಟ್ಟಿದ. ಯಾರೋ ಪುಣ್ಯಾತ್ಮರು ನಮ್ಮನ್ನು ಹಿತ್ತಿಲಿಗೆ ನಡೆಸಿ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಎಲೆ ಹಾಕಿ, ಅವನ ಮನೆಯ ಅಡುಗೆಯನ್ನೇ ಅವನಿಗೆ ಬಡಿಸಿ, "ನಾಚ್ಕಬ್ಯಾಡ್ರಿ, ಕೇಳಿ ಹಾಕಿಸ್ಕಳ್ರಿ" ಎಂದು ಹೋದರು.

ಕತ್ತಲಲ್ಲಿ ತುಸು ಹೊತ್ತು ಇಬ್ಬರೂ ಅನ್ನ ಕಲಸಿದೆವು. ಚಪ್ಪರದ ಕಡೆಯಿಂದ ವಾಲಗ ಕೇಳುತ್ತಿತ್ತು. ಮಗಳ ಬೀಗರನ್ನು ಎದುರುಗೊಳ್ಳಬೇಕಾದ ತಂದೆ ಇಲ್ಲಿ ಕಲ್ಲಿನ ಮೇಲೆ ಕೂತಿದ್ದಾನಲ್ಲ, ನನ್ನ ದೊಡ್ಡಸ್ತಿಕೆಯಿಂದ ಇವನಿಗೆ ಈ ಗತಿ ಬಂತಲ್ಲ ಎಂದುಕೊಂಡು ಕೈಯಲ್ಲಿದ್ದ ತುತ್ತನ್ನು ಎಲೆಗೇ ಬಿಟ್ಟೆ. ಲೋಟದ ನೀರು ಕುಡಿದೆ. ಕೊಟ್ರಬಸಪ್ಪ ನನ್ನನ್ನೇ ನೋಡುತ್ತಿದ್ದವನು, "ನೀರು ಹೆಂಗೈತೆ ಭಾವ?" ಎಂದ.

"ಸಿಹಿ ಐತೆ" ಎಂದೆ.

"ಸುಳ್ಳು ಹೇಳಬ್ಯಾಡ್ರಿ, ಉಪ್ಪೇ ಐತೆ. ದಿನಾ ಕುಡಿಯೋನು ನಾನು, ನಂಗೆ ಗೊತ್ತಿಲ್ವಾ?"

ಮೊದಲು ನಕ್ಕವರು ಯಾರೆಂದು ಈಗ ಹೇಳಲಾರೆ. ನಗು ಒಮ್ಮೆ ಶುರುವಾದ ಮೇಲೆ ತಮಗಿಂತ ಚೆನ್ನಾಗಿ ಓಡಿತು, ನಿಲ್ಲಿಸಲು ಇಬ್ಬರಿಂದಲೂ ಆಗಲಿಲ್ಲ. ಹೆಣ್ಣಿನ ತಂದೆ ಎಲ್ಲಿ ಎಂದು ಮನೆಯೆಲ್ಲ ಹುಡುಕಿ ಬಂದ ಸರ್ವಮಂಗಳಮ್ಮ ಗ್ಯಾಸ್‌ಲೈಟನ್ನು ಮೇಲೆತ್ತಿ ಹಿಡಿದು ನೋಡಿದಾಗ, ಗಂಡನೂ ತಮ್ಮನೂ ಕರಿಕೋತಿಗಳಂತೆ ಒಬ್ಬರ ಬೆನ್ನಿಗೆ ಒಬ್ಬರು ಹೊಡೆದುಕೊಂಡು ನಗುತ್ತಿದ್ದರು. ಅವಳು ನಗಲಿಲ್ಲ. ದೀಪವನ್ನು ಕೆಳಗಿಟ್ಟು, ಮುಖವನ್ನು ಆ ಕಡೆ ತಿರುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಏಳ್ರಿ ಇಬ್ರೂ. ಸೀಮೆಎಣ್ಣೆ ತರ್ತೀನಿ, ಮುಖ ಉಜ್ಕಳ್ರಿ" ಎಂದಳು.

ಹೊಸ ಬಟ್ಟೆಯಲ್ಲಿ, ಸೀಮೆಎಣ್ಣೆಯ ಪರಿಮಳ ಬೀರುತ್ತ ನಾವಿಬ್ಬರೂ ಚಪ್ಪರಕ್ಕೆ ಬಂದಾಗ ಶಂಕ್ರಮ್ಮನವರು, "ಹೆಣ್ಣಿನಪ್ಪ ಇಷ್ಟೊತ್ತು ಎಲ್ಲಿ ಹೋಗಿದ್ರಮ್ಮಾ?" ಎಂದು ಕೇಳಿದರು. ಸರ್ವಮಂಗಳಮ್ಮ, "ನಮ್ಮ ಯಜಮಾನ್ರು ಬಂದಿದ್ರಲ್ಲ, ಇಬ್ರೂ ಜೊತೆಗೆ ಊಟಕ್ಕೆ ಕೂತಿದ್ರು" ಎಂದಳು. ಆ ಮಾತಿನಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಅವಳು ಅದನ್ನು ಹೇಳಿದ ಠೀವಿಗೆ ನಾನು ಇಡೀ ಅಂಗಡಿಯನ್ನೇ ಕೊಟ್ಟೇನು. ಮದುವೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಶುರುವಾಗಿ ಸೂರ್ಯನ ಬೆಳಕಿನಲ್ಲಿ ಸುಸೂತ್ರವಾಗಿ ಮುಗಿಯಿತು. ತಮ್ಮ ಸಹಾಯ ಎಲ್ಲಿಯೂ ಬೇಕಾಗಲಿಲ್ಲ.

ಹೀಗಿರುವಲ್ಲಿ, ಮಾನ್ಯರೇ, ನನ್ನ ದೂರು ಇಷ್ಟೇ. ತಾವು ಕೆಟ್ಟದ್ದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಕೆಟ್ಟು ಪಡೆದ ಕೀರ್ತಿಗೆ ಇದೆ. ನೆಂಟರೆಲ್ಲ ಈಗ, ಭಾವ ಭಾವಮೈದುನರನ್ನು ಒಂದು ಮಾಡಿದ್ದು ಆ ಜನರೇಟರ್ ಎಂದು ಹಾಡಿ ಹೊಗಳುತ್ತಿದ್ದಾರೆ, ಹಗ್ಗ ಎಳೆದ ಭುಜವನ್ನು ಕೇಳುವವರಿಲ್ಲ. ಬಸವಾಪಟ್ಟಣದಿಂದ ಒಬ್ಬರು ಬಂದು, ಅವರ ಮನೆಯ ಅಣ್ಣತಮ್ಮಂದಿರ ಹೊಲದ ವ್ಯಾಜ್ಯಕ್ಕೆ ತಮ್ಮನ್ನು ಎರಡು ದಿನ ಕಳಿಸಿಕೊಡಿ ಎಂದು ಕೇಳಿದ್ದಾರೆ. ಆದ್ದರಿಂದ ತಾವು ದಯಮಾಡಿ ಮುಂದಿನ ಸಲ ಕೆಡುವುದಿದ್ದರೆ ಮುಂಚಿತವಾಗಿ ಒಂದು ಕಾರ್ಡು ಬರೆಯಬೇಕು. ಬೆಳಕು ಕೊಡಲಾಗದಿದ್ದರೆ ಹೊಗೆಯಲ್ಲೂ ಅದೇ ಜಿಪುಣತನ ತೋರಬೇಕು. ಬೀಗರ ಮುಂದೆ ನನ್ನ ಗುರುತು ಹಿಡಿಯಬಾರದು. ಇಷ್ಟೂ ಅಸಾಧ್ಯವೆನಿಸಿದರೆ, ಎಂದಾದರೊಂದು ದಿನ, ಯಾರೂ ಇಲ್ಲದ ಹೊತ್ತಿನಲ್ಲಿ, ನನ್ನೊಬ್ಬನ ಸಮಾಧಾನಕ್ಕಾಗಿಯಾದರೂ ಒಂದು ಗಳಿಗೆ ಉರಿದು ತೋರಿಸಬೇಕೆಂದು ಪ್ರಾರ್ಥನೆ.

ಇನ್ನೂ ನಂಬಿಕೆ ಕಳೆದುಕೊಳ್ಳುವಷ್ಟು ಬುದ್ಧಿ ಬಾರದ,
ತಮ್ಮ ವಿಶ್ವಾಸಿ,
ಮರುಳಸಿದ್ದಪ್ಪ

ತಾ.ಕ.: ಕೊಟ್ರಬಸಪ್ಪ ಮೊನ್ನೆ ಇಲ್ಲಿಗೆ ಬಂದು, ನನ್ನ ಜೊತೆ ಸೇರಿ ತಮ್ಮನ್ನು ಪೂರಾ ಬಿಚ್ಚಿ, ಮತ್ತೆ ಕೂಡಿಸಿದ್ದು ತಮ್ಮ ಗಮನಕ್ಕೆ ಬಂದಿರಬಹುದು. ಕೊನೆಗೆ ಒಂದು ದಪ್ಪ ಬೋಲ್ಟು ಉಳಿಯಿತು. ಅದು ತಮ್ಮದೆಂದು ಅವನು, ಗಾಡಿಯದೆಂದು ನಾನು ಜೋರು ಜೋರಾಗಿ ವಾದ ಮಾಡುತ್ತಿರುವಾಗ ಸರ್ವಮಂಗಳಮ್ಮ ಕಾಫಿ ತಂದಿಟ್ಟು, ಬೋಲ್ಟನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಇದು ನನ್ನ ಹತ್ರ ಇರ್ಲಿ. ಮುಂದಿನ ತಿಂಗಳು ಬಂದಾಗ ಹಾಕೀಯಂತೆ ಕಣಪ್ಪಾ" ಎಂದು ತಮ್ಮನಿಗೆ ಹೇಳಿ ಒಳಗೆ ಹೋದಳು. ಅಲ್ಲಿಯವರೆಗೆ ತಾವು ರಿಪೇರಿಯಾಗುವ ದುಸ್ಸಾಹಸಕ್ಕೆ ಕೈಹಾಕಬಾರದಾಗಿ ವಿನಂತಿ.