ಗುಪ್ತಡಬ್ಬಿ ಮತ್ತು ಶೈಲಾ ಹಾಕಿದ ಪಾಸ್‌ವರ್ಡು

ಬೈಲಹೊಂಗಲದ ಬಜಾರದಾಗ ಎರಡು ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸ್ ನಡಸತಿದ್ದ ಕಾಲಕ್ಕ, ಅಂದ್ರ ಫ್ಲಾಪಿಗೆ ಇನ್ನೂ ಮರ್ಯಾದಿ ಇದ್ದ ಕಾಲಕ್ಕ, ನಾನು ಒಂದು ಡಾಟಾಬೇಸ್ ಬರದ್ನಿ. ಯಾರೂ ಕೇಳಿರಲಿಲ್ಲ. ಆದರೂ ಬರದ್ನಿ!

ಅದಕ್ಕ ‘ಗುಪ್ತಡಬ್ಬಿ’ ಅಂತ ಹೆಸರಿಟ್ನಿ. ಅಡಗಿಮನಿಯೊಳಗ ಡಬ್ಬಿಗೆ ಚೀಟಿ ಹಚ್ಚಿರತಾರಲ್ಲ, ಹಂಗ. ಚೀಟಿ ಹೆಸರು ಟೈಪ್ ಮಾಡಿದರ ಅದರೊಳಗ ಬರದಿಟ್ಟದ್ದು ಹೊರಗ ಬರತೈತಿ. ಇಡೀ ಪ್ರೋಗ್ರಾಮು ಒಂದ ಫ್ಲಾಪಿಯೊಳಗ ಕುಂತು ಇನ್ನೂ ಜಾಗಾ ಉಳೀತಿತ್ತು. ಮ್ಯಾಲೆ ಬೀಗ ಬ್ಯಾರೆ. ಪಾಸ್‌ವರ್ಡ್ ಇಲ್ಲದ ತಗದರ ಬರೇ ಕಸ ಕಾಣತಿತ್ತು. ಪ್ರೋಗ್ರಾಮ್ ಬರದ ನನಗೂ ಕಸಾನ! ಅಷ್ಟಕ್ಕ ಸುಮ್ಮನಾಗಿದ್ದರ ನಾ ಎಂಥಾ ಶಾಣ್ಯಾ? ಮೂರು ಸಲ ತಪ್ಪು ಪಾಸ್‌ವರ್ಡ್ ಹಾಕಿದರ ಒಳಗಿನದೆಲ್ಲಾ ತಾನ ಅಳಿಸಿ ಹೋಗತಕ್ಕದ್ದು ಅಂತ ಒಂದು ಕಾನೂನೂ ಸೇರಿಸಿದ್ನಿ. ವೈರಿಗಳಿಂದ ರಕ್ಷಣೆಗಾಗಿ.

“ನಿಮಗ ವೈರಿಗಳು ಯಾರದಾರ್ರಿ ಮಾಸ್ತರ್?” ಅಂದ ಬಾಜೂ ಅಂಗಡಿ ಟೇಲರ್ ಹುಸೇನಸಾಬ. ನನಗೂ ಗೊತ್ತಿರಲಿಲ್ಲ.

ಆ ವರ್ಷ ಜೂನದಾಗ, ಟೀಚರ್ ಆಗಿದ್ದ ನನ್ನ ಹೆಂಡತಿ ಶೈಲಾಗ ಕಟಕೋಳದ ಸಾಲಿಗೆ ವರ್ಗ ಆತು. ಅಲ್ಲೇ ಒಂದು ಖೋಲಿ ಹಿಡಿದಳು. ಹೋಗೂ ಮುಂಚೆ, ಗಂಡಗ ಮನಿಯೊಳಗ ಏನೂ ತಿಳಿಯಂಗಿಲ್ಲ ಅಂತ, ಗುಪ್ತಡಬ್ಬಿ ಮುಂದ ಕುಂತು ಒಂದೊಂದ ತುಂಬಿದಳು. ಉಪ್ಪಿಟ್ಟು. ಸ್ವೆಟರ್. ಗ್ಯಾಸ್. ಕಡೀಕ ಒಂದು ಚೀಟಿ: ‘ನೆನಪಾದರ’.

“ಇದರಾಗ ಏನ ಬರದಿ?”

“ನನ್ನ ನೆನಪಾದಾಗ ತಗದ ನೋಡ್ರಿ. ಮೊದಲ ತಗೀಬ್ಯಾಡ್ರಿ ಮತ್ತ.”

“ಪಾಸ್‌ವರ್ಡು?”

“ನಾನ ಹಾಕತೇನಿ. ನೀವು ಆಕಡೆ ಮಾರಿ ಮಾಡ್ರಿ. ನಿಮಗ ಗೊತ್ತಿದ್ದದ್ದ ಐತಿ.”

ನಾನೂ ಭಾಳ ಗಂಭೀರವಾಗಿ ಆಕಡೆ ಮಾರಿ ಮಾಡಿದ್ನಿ. ಇಂಜಿನಿಯರನ ಹೆಂಡತಿ ಅಂದ್ರ ಹಿಂಗಿರಬೇಕು ಅಂತ ಹೆಮ್ಮಿ. ನಾ ಇಂಜಿನಿಯರ್ ಅಲ್ಲ, ಅದು ಬ್ಯಾರೆ ಮಾತು.

ಆಕಿ ಹೋದಳು. ನಾ ಖಾನಾವಳಿಯೊಳಗ ಉಂಡ್ನಿ, ಹಂಗಾಗಿ ಉಪ್ಪಿಟ್ಟಿನ ಚೀಟಿ ಬೇಕಾಗಲಿಲ್ಲ. ಆದರ ಮನಿ? ಬೀಗ ತಗದು ಒಳಗ ಬಂದರ “ಬಂದ್ರೇನು?” ಅನ್ನಾವರಿಲ್ಲ. ಬೈಯಾವರೂ ಇಲ್ಲ! ಚಹಾ ಮಾಡಿದರ ಕೈ ತಾನ ಎರಡು ಕಪ್ಪು ತಗೀತಿತ್ತು. ಎರಡು ತಿಂಗಳಾಗೂದರಾಗ ಜೀವ ಹಣ್ಣಾತು. ಹೋಗಿ ನೋಡಿ ಬರಬಹುದಿತ್ತು ಖರೆ, ಆದರ ಹೆಂಡತಿ ಹಿಂದ ಓಡಿ ಬಂದ ಅಂತ ಊರ ಮಂದಿ ನಗತಾರ ಅನ್ನೂ ಧಿಮಾಕು. ಗಣಪತಿ ಹಬ್ಬಕ್ಕ ಆಕಿನ ಬರ್ಲಿ ಅಂತ ಕುಂತ್ನಿ.

ಒಂದು ಐತವಾರ ಮಧ್ಯಾಹ್ನ ತಡಕೊಳ್ಳಾಕ ಆಗಲಿಲ್ಲ. ‘ನೆನಪಾದರ’ ಓದಬೇಕು, ಓದಿದರ ಆಕಿ ಬಾಜೂಕ ಕುಂತು ಮಾತಾಡಿದಂಗ ಆಗತೈತಿ ಅಂತ ಅಂಗಡಿಗೆ ಬಂದು ಕಂಪ್ಯೂಟರ್ ಚಾಲೂ ಮಾಡಿದ್ನಿ. ಪಾಸ್‌ವರ್ಡ್ ಕೇಳಿತು. ಆಕಿ ಹೆಸರು ಹಾಕಿದ್ನಿ. ತಪ್ಪು! ಆಕಿ ತವರು ಮುನವಳ್ಳಿ ಹಾಕಿದ್ನಿ. ತಪ್ಪು! ‘ಇನ್ನು ಒಂದೇ ಅವಕಾಶ’ ಅಂತ ನಾನ ಬರದ ಪ್ರೋಗ್ರಾಮು ನನಗ ಧಮಕಿ ಹಾಕಿತು.

ಎಸ್‌ಟಿಡಿ ಬೂತಿಗೆ ಓಡಿದ್ನಿ. ಶೈಲಾನ ಖೋಲಿ ಕೆಳಗ ಒಂದು ಕಿರಾಣಿ ಅಂಗಡಿ, ಅಲ್ಲಿ ಫೋನ್. ಅಂಗಡಿಯವರು ಆಕಿನ್ನ ಕರಕೊಂಡು ಬಂದರು.

“ಪಾಸ್‌ವರ್ಡ್ ಏನ ಹಾಕಿದಿ? ಲಗೂನ ಹೇಳ!”

“ಅಯ್ಯ, ಅದನ್ನ ಬಾಯಿಲೆ ಹೆಂಗ ಹೇಳಲಿರಿ? ಇಲ್ಲಿ ಹೆಣ್ಣಮಕ್ಕಳೆಲ್ಲಾ ನಿಂತಾರ.”

“ಅವರೇನು ನಮ್ಮ ಡಬ್ಬಿ ಕಳವು ಮಾಡತಾರೇನು? ಹೇಳ!”

ಹಿಂದಿನಿಂದ ಯಾರೋ ಮುದುಕಿ, “ಒಡಪ ಹಾಕಿ ಹೇಳವ್ವಾ, ಅದರಾಗೇನು ನಾಚಿಕಿ!” ಅಂದದ್ದು ಕೇಳಿಸಿತು. ಶೈಲಾ ಗಂಟಲ ಸರಿ ಮಾಡಿಕೊಂಡಳು.

“ಮಲಪ್ರಭಾ ದಂಡಿಮ್ಯಾಲ ಬೆಳದೈತಿ ಕಬ್ಬ, ಮಹಾಂತೇಶರು ಮನಿಯಾಗಿದ್ದರ ನನಗ ದಿನಾ ಹಬ್ಬ.”

ಮಹಾಂತೇಶ ಅಂದ್ರ ನಾನ. ಎದಿ ಝಲ್ ಅಂತು. ಎಂಟು ವರ್ಷದಾಗ, ಮದುವಿ ದಿನ ಬಿಟ್ಟರ, ನನ್ನ ಹೆಸರು ಆಕಿ ಬಾಯಿಂದ ಬಂದಿರಲಿಲ್ಲ. ಕಣ್ಣಾಗ ನೀರು ಬರೂದಿತ್ತು. ಅಷ್ಟರಾಗ ನನ್ನೊಳಗಿನ ಇಂಜಿನಿಯರ್ ಎದ್ದು ಕುಂತ! ಎಂಥಾ ಉದ್ದನ ಪಾಸ್‌ವರ್ಡು! ಯಾವ ವೈರಿ ಮುರೀತಾನ ಇದನ್ನ?

“ಕಬ್ಬ ಆದಮ್ಯಾಲೆ ಕಾಮಾ ಐತೇನು?” ಅಂದ್ನಿ.

“ಏನರೆ ಹಾಕ್ಕೋರಿ!” ಅಂತ ನಾಚಿ ಫೋನ್ ಇಟ್ಟಳು.

ಬಂದು, ಮಲಪ್ರಭಾದಿಂದ ಹಬ್ಬದ ತನಕ, ಕಾಮಾ ಸಮೇತ, ಒಂದಕ್ಷರ ಬಿಡದ ಟೈಪ್ ಮಾಡಿದ್ನಿ. ಎಂಟರ್ ಒತ್ತಿದ್ನಿ. ಪರದಾ ಖಾಲಿ. ‘ಮಾಹಿತಿಯನ್ನು ಯಶಸ್ವಿಯಾಗಿ ನಾಶಪಡಿಸಲಾಗಿದೆ.’

ಮತ್ತ ಬೂತಿಗೆ.

“ಇಡೀ ಒಡಪ ಟೈಪ್ ಮಾಡಿದ್ರೇನು? ಬರೇ ನಿಮ್ಮ ಹೆಸರರಿ ಅದು!”

“ಹಂಗಾದರ ಬರೇ ಹೆಸರು ಹೇಳೂದಿಲ್ಲೇನು?”

“ಗಂಡನ ಹೆಸರು ಬರೇ ಹೆಂಗ ಹೇಳತಾರ್ರಿ? ಒಡಪದಾಗ ಸೇರಿಸೇ ಹೇಳಬೇಕಲ್ಲ!”

ಅಂಗಡಿ ತುಂಬ ಹೆಣ್ಣಮಕ್ಕಳು ನಗೂದು ಬೈಲಹೊಂಗಲದ ತನಕ ಕೇಳಿತು. ನನಗ ನಗು ಬರಲಿಲ್ಲ. “ಶೈಲಾ, ಓದಬೇಕಂತ ಭಾಳ ಆಸೆ ಆಗಿತ್ತು. ನೀ ಇಲ್ಲದ ಬ್ಯಾಸರಾಗೇತಿ,” ಅಂದ್ನಿ.

“ಬಸ್ಸಿನ ಟೈಮ್ ಬರದಿದ್ನಿ,” ಅಂದಳು ಸಣ್ಣ ದನಿಲೆ. “ನಿಮ್ಮಲ್ಲಿಂದ ಇಲ್ಲಿಗೆ ನೇರ ಬಸ್ ಐತಿ. ನೆನಪಾದರ ಕಂಪ್ಯೂಟರ್ ಬಂದ್ ಮಾಡಿ ಹತ್ತಿ ಬಂದಬಿಡ್ರಿ ಅಂತ. ದಿನಾ ಸಂಜೀಕ ಸ್ಟ್ಯಾಂಡಿನಾಗ ನೋಡತಿದ್ನಿ.”

“ಎಷ್ಟಕ್ಕ ಐತಿ ಬಸ್ಸು?”

“ನನಗೇನು ನೆನಪ? ನಿಮ್ಮ ಡಬ್ಬಿ ಇಟ್ಟುಕೊಳ್ಳತೈತಿ ಅಂದ್ರಲ್ಲ, ನಾ ಮರತ್ನಿ!”

ಫೋನ್ ಇಟ್ಟು ಬಂದು, ನನ್ನ ಅಂಗಡಿ ಬಾಗಲ ಎಳಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಾಕ ಹತ್ತಿದ್ನಿ. ಹುಸೇನಸಾಬ ಮಷೀನ್ ನಿಲ್ಲಿಸಿ, “ಎಲ್ಲಿಗೆ ಮಾಸ್ತರ್?” ಅಂದ.

“ಕಟಕೋಳ! ನೇರ ಬಸ್ ಐತಂತ!”

“ಅದಾ? ನೀವು ಒಳಗ ಟಕಟಕ ಟೈಪ್ ಮಾಡಾಕ ಹತ್ತಿದ್ದಾಗ ಹಾದು ಹೋತಲ್ರಿ. ಎರಡು ತಿಂಗಳಿಂದ ನೋಡಾಕ ಹತ್ತೇನಿ, ದಿನಾ ನಿಮ್ಮ ಅಂಗಡಿ ಮುಂದನ ಮಂದಿ ಹತ್ತಿಸಿಕೊಳ್ಳಾಕ ನಿಂದರತೈತಿ.”