ಇಪ್ಪತ್ತು ಪ್ರಶ್ನೆ, ಇಪ್ಪತ್ತು ಬೈಗುಳ

ನನಗೆ ಇಂಗ್ಲಿಷ್ ಬರುವುದಿಲ್ಲ. ಇದನ್ನು ನಾನು ತಲೆ ತಗ್ಗಿಸಿ ಹೇಳುತ್ತಿಲ್ಲ. ಹಳ್ಳಿಮೈಸೂರಿನ ಪಕ್ಕದ ಊರಿನಲ್ಲಿ ಹಿಟ್ಟಿನ ಮಿಲ್ಲು ನಡೆಸುವವನಿಗೆ ಇಂಗ್ಲಿಷ್ ಯಾಕೆ ಬೇಕು? ರಾಗಿಗೆ ಯಾವ ಭಾಷೆಯೂ ಬರುವುದಿಲ್ಲ. ಮಿಲ್ಲು ಓಡುವಾಗ ಕನ್ನಡವೇ ಕೇಳಿಸುವುದಿಲ್ಲ. ಬಂದವರು ಡಬ್ಬಿಯನ್ನು ಸಾಲಿನಲ್ಲಿ ಇಟ್ಟು ಎರಡು ಬೆರಳು ಉಜ್ಜಿ ತೋರಿಸಿದರೆ ನುಣ್ಣಗೆ ಎಂದು ಅರ್ಥ, ಅಂಗೈ ಅಲ್ಲಾಡಿಸಿದರೆ ತರಿತರಿ. ಮೂವತ್ತು ವರ್ಷ ಹೀಗೆ ಕೈಸನ್ನೆಯಲ್ಲೇ ಬದುಕಿದರೆ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಊರಿನವರು ನನ್ನನ್ನು ಸಂಕೋಚದ ಮನುಷ್ಯ ಎನ್ನುತ್ತಾರೆ. ಹೆಂಡತಿ ಸುಮಿತ್ರಾ ಮಾತ್ರ, ‘ಸಂಕೋಚನೂ ಇಲ್ಲ, ಏನೂ ಇಲ್ಲ. ಬಾಯಿ ತೆಗಿಯಕ್ಕೂ ಸೋಮಾರಿತನ ಇವ್ರಿಗೆ’ ಎನ್ನುತ್ತಿದ್ದಳು. ಈ ‘ಎನ್ನುತ್ತಿದ್ದಳು’ ಎಂಬುದನ್ನು ಬರೆಯುವುದಕ್ಕೆ ಕೈಗೆ ಈಗೀಗ ಅಭ್ಯಾಸವಾಗುತ್ತಿದೆ. ಜ್ವರ ಎಂದು ಹಾಸನದ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ವರ್ಷ ತುಂಬುತ್ತಾ ಬಂತು.

ಅವಳು ನಮ್ಮೂರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಮದುವೆಯಾದಾಗ ಅವಳದು ಪಿಯುಸಿ, ನನ್ನದು ಇಂಗ್ಲಿಷಿನಲ್ಲಿ ಫೇಲಾದ ಎಸ್ಸೆಸ್ಸೆಲ್ಸಿ. ಎರಡೇ ವರ್ಷದ ವ್ಯತ್ಯಾಸ, ಏನು ಮಹಾ ಎಂದು ಹಿರಿಯರು ಒಪ್ಪಿದರು. ಆಮೇಲೆ ಅವಳು ದಿನವೂ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಬಿ.ಎ., ಬಿ.ಎಡ್. ಎಲ್ಲ ಮುಗಿಸಿಕೊಂಡಳು. ನಾನು ಇದ್ದಲ್ಲೇ ಇದ್ದೆ. ನಿಮಗೂ ಒಂದಿಷ್ಟು ಇಂಗ್ಲಿಷ್ ಕಲಿಸುತ್ತೇನೆ ಎಂದು ಎಷ್ಟೋ ಸಲ ಕೂರಿಸಿಕೊಂಡಳು. ನಾನು ಮಿಲ್ಲಿನ ಸದ್ದಿಗೆ ಕಿವಿ ಮಂದ ಎಂದು ಹೇಳಿ ತಪ್ಪಿಸಿಕೊಂಡೆ. ಆ ಮಂದ ಕಿವಿಗೆ ಪಕ್ಕದ ಮನೆಯಲ್ಲಿ ಬಸ್ಸಾರು ಕುದಿಯುವುದು ಹೇಗೆ ಕೇಳಿಸುತ್ತದೆ ಎಂದು ಅವಳು ಕೇಳುತ್ತಿದ್ದಳು.

ಅವಳ ಚಿಂತೆ ಇದ್ದುದು ಮಕ್ಕಳದು. ನಮ್ಮ ಕಡೆಯ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವುದು ಶಾಲೆಯಲ್ಲಿ ಒಂದು ಪೀರಿಯಡ್ಡು. ಮನೆಗೆ ಹೋದರೆ ಅಜ್ಜಿಗೂ ಬರುವುದಿಲ್ಲ, ಹಸುವಿಗೂ ಬರುವುದಿಲ್ಲ. ಅದಕ್ಕೆ ಅವಳು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದಳು. ಮೊಬೈಲಿನಲ್ಲೂ ತೆರೆಯುತ್ತದೆ, ಶಾಲೆಯ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಹೆಸರು ಬರೆದು ಒಳಗೆ ಹೋದರೆ ಒಂದು ಫೋಟೋ, ಅದರ ಕೆಳಗೆ ಒಂದು ಇಂಗ್ಲಿಷ್ ಪ್ರಶ್ನೆ, ಅದರ ಕೆಳಗೆ ನಾಲ್ಕು ಚೌಕಗಳಲ್ಲಿ ನಾಲ್ಕು ಉತ್ತರ. ಒಂದನ್ನು ಒತ್ತಬೇಕು. ಸರಿಯಾದರೆ ಚಪ್ಪಾಳೆಯ ಸದ್ದು, ತಪ್ಪಾದರೆ ಅವಳ ಸ್ವಂತ ದನಿಯಲ್ಲಿ ಬೈಗುಳ. ಹೀಗೆ ಇಪ್ಪತ್ತು ಪ್ರಶ್ನೆ. ಯಾರು ಎಷ್ಟು ಸಲ ಆಡಿದರು, ಎಷ್ಟು ಸರಿ ಎಂಬ ಪಟ್ಟಿ ಮೇಷ್ಟ್ರಿಗೆ ಹೋಗುತ್ತದೆ. ಫೋಟೋಗಳೆಲ್ಲ ನಮ್ಮೂರಿನವೇ. ಬಸ್‌ ಸ್ಟ್ಯಾಂಡು, ಬೋರ್‌ವೆಲ್ಲು, ಹುಲ್ಲು ಹೊತ್ತವರು. ಆರನೆಯ ಪ್ರಶ್ನೆಯಲ್ಲಿ ನಾನೇ ಇದ್ದೇನೆ, ಹುಬ್ಬಿನ ತುಂಬ ಹಿಟ್ಟು. ಈ ಮನುಷ್ಯ ಏನು ಮಾಡುತ್ತಿದ್ದಾನೆ ಎಂಬುದು ಪ್ರಶ್ನೆ. ಮಲಗಿದ್ದಾನೆ, ಹಿಟ್ಟು ಬೀಸುತ್ತಿದ್ದಾನೆ, ಕುಣಿಯುತ್ತಿದ್ದಾನೆ, ಹಾರುತ್ತಿದ್ದಾನೆ ಎಂದು ಉತ್ತರಗಳು. ತಪ್ಪು ಒತ್ತಿದರೆ ಅವಳು ಹೇಳುತ್ತಾಳೆ: ‘ಸರ್ಯಾಗ್ ನೋಡ್ಲಾ, ಆ ಮನ್ಷ ಕೆಲ್ಸ ಮಾಡ್ತಾ ಇದ್ರೂ ನಿದ್ದೆ ಮಾಡ್ದಂಗೇ ಕಾಣ್ತನೆ.’

ಸರಿ ಹೇಳಿದ ಮಕ್ಕಳಿಗೂ ನಿನ್ನ ದನಿಯಲ್ಲೇ ಒಂದು ಶಹಬ್ಬಾಸ್ ಹಾಕಬಾರದೇ ಎಂದು ನಾನೇ ಕೇಳಿದ್ದೆ. ‘ಸರಿ ಹೇಳೋರಿಗೆ ನಾನ್ಯಾಕ್ರೀ? ತಪ್ಪು ಹೇಳೋರಿಗೆ ತಾನೇ ಮೇಷ್ಟ್ರು ಬೇಕು’ ಎಂದಳು. ಮಿಲ್ಲಿನ ಹಿಂದಿನ ಕೋಣೆಯಲ್ಲಿ, ಕರೆಂಟು ಹೋದಾಗ ಮಾತ್ರ ರೆಕಾರ್ಡಿಂಗು. ಆಗಷ್ಟೇ ಅಲ್ಲಿ ಸದ್ದಿರುವುದಿಲ್ಲ. ಕರೆಂಟು ಹೋದರೆ ನಾನು ತಲೆಯ ಮೇಲೆ ಕೈ ಹೊತ್ತು ಕೂರುವುದು, ಅವಳು ಮೊಬೈಲು ಹಿಡಿದು ಓಡಿ ಬರುವುದು. ಆ ಇಪ್ಪತ್ತು ಬೈಗುಳಗಳಲ್ಲಿ ಒಂದೂ ಹೊಸದಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಪ್ರತಿಯೊಂದೂ ಮೊದಲು ನನ್ನ ಮೇಲೆ ಪ್ರಯೋಗವಾಗಿ, ಗುಣಮಟ್ಟ ಖಚಿತವಾದ ಮೇಲೆಯೇ ಮಕ್ಕಳಿಗೆ ಹೋಗಿದ್ದು.

ಅವಳು ಹೋದ ಮೇಲೆ ನಾನೂ ಆ ಆಟ ಆಡತೊಡಗಿದೆ. ಮಧ್ಯಾಹ್ನ ಕರೆಂಟು ಹೋದಾಗ ಹಿಂದಿನ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಹೆಸರು ಬರೆಯುತ್ತಿದ್ದೆ, ರಂಗಸ್ವಾಮಿ ಎಂದು. ಶುರುವಿನಲ್ಲಿ ಒಮ್ಮೊಮ್ಮೆ ಅಕಸ್ಮಾತ್ ಸರಿ ಉತ್ತರ ಒತ್ತಿಬಿಡುತ್ತಿದ್ದೆ. ಗುರುತು ಪರಿಚಯ ಇಲ್ಲದ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಬೇಜಾರಾಗುತ್ತಿತ್ತು. ಆಮೇಲೆ ಸರಿ ಉತ್ತರ ಯಾವ ಚೌಕದಲ್ಲಿದೆ ಎಂದು ನೆನಪಿಟ್ಟುಕೊಂಡು, ಅದನ್ನು ಬಿಟ್ಟು ಒತ್ತುವುದನ್ನು ರೂಢಿ ಮಾಡಿಕೊಂಡೆ. ಒಂದು ತಿಂಗಳಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪು ಮಾಡುವಷ್ಟು ಪಳಗಿದೆ. ನಾನು ಇಷ್ಟು ಶ್ರದ್ಧೆಯಿಂದ ಯಾವ ವಿದ್ಯೆಯನ್ನೂ ಕಲಿತವನಲ್ಲ.

ಎರಡು ತಿಂಗಳ ಹಿಂದೆ ಒಂದು ಸಂಜೆ ರಮ್ಯಾ ಮೇಡಂ ಮಿಲ್ಲಿಗೆ ಬಂದರು. ಸುಮಿತ್ರಾಳ ಜಾಗಕ್ಕೆ ಬಂದ ಹೊಸ ಮೇಷ್ಟ್ರು, ಚನ್ನರಾಯಪಟ್ಟಣದ ಹುಡುಗಿ. ನನ್ನ ಮಗಳಾಗುವ ವಯಸ್ಸು. ಕೈಯಲ್ಲಿ ಹಾಳೆಗಳ ಒಂದು ಕಟ್ಟು. ಮಿಲ್ಲು ನಿಲ್ಲಿಸಿ ಸ್ಟೂಲು ಒರೆಸಿ ಕೊಟ್ಟೆ.

‘ಸರ್, ನಿಮ್ಮ ಬೀದೀಲಿ ರಂಗಸ್ವಾಮಿ ಅನ್ನೋ ಹುಡುಗ ಇದ್ದಾನಾ?’ ಎಂದರು. ‘ಸುಮಿತ್ರಾ ಮಿಸ್ ಮಾಡಿದ ಪೇಜಲ್ಲಿ ನೂರ ಹದಿನಾರು ಸಲ ಆಡಿದ್ದಾನೆ. ಮೊದಮೊದಲು ಅಲ್ಲೊಂದು ಇಲ್ಲೊಂದು ಸರಿ ಇತ್ತು, ಈಗ ಬರೀ ಸೊನ್ನೆ. ಅಟೆಂಡೆನ್ಸಲ್ಲಿ ಅವನ ಹೆಸರೇ ಇಲ್ಲ.’

ಊರಿನಲ್ಲಿ ನನ್ನನ್ನು ಎಲ್ಲರೂ ಮಿಲ್ಲಣ್ಣ ಎನ್ನುವುದರಿಂದ ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಾನು ಗಂಟಲು ಸರಿ ಮಾಡಿಕೊಂಡು, ‘ಅವ್ನು ದಡ್ಡ ಮೇಡಂ. ಅವ್ನ ವಿಷ್ಯ ತಲೆಗೆ ಹಚ್ಕೋಬೇಡಿ’ ಎಂದೆ.

‘ಅವನೊಬ್ಬನಾಗಿದ್ರೆ ಬಿಡ್ತಿದ್ದೆ ಸರ್. ಇಡೀ ಕ್ಲಾಸೇ ಹಾಗಿದೆ. ಮಿಸ್ ಇದ್ದಾಗ ಇದೇ ಮಕ್ಕಳು ಹದಿನೆಂಟು, ಹತ್ತೊಂಬತ್ತು ತೆಗೀತಿದ್ರು. ಈಗ ಎರಡು, ಮೂರು. ಬಾಯಲ್ಲಿ ಕೇಳಿದ್ರೆ ಪಟಪಟ ಅಂತಾರೆ, ಕಂಪ್ಯೂಟರ್ ಮುಂದೆ ಕೂತ್ರೆ ಎಲ್ಲಾ ತಪ್ಪು. ಇನ್ನು ಹದಿನೈದು ದಿನಕ್ಕೆ ಹಾಸನದಿಂದ ಇನ್ಸ್‌ಪೆಕ್ಷನ್ನಿಗೆ ಸಾಹೇಬರು ಬರ್ತಾರೆ, ಈ ಪಟ್ಟೀನೇ ನೋಡೋದು. ನನ್ನ ಪಾಠಾನೇ ಸರಿ ಇಲ್ಲ ಅಂತ ಆಗುತ್ತೆ.’ ಕೊನೆಯ ಮಾತು ಹೇಳುವಾಗ ಅವರ ದನಿ ಸಣ್ಣಗಾಯಿತು. ಈ ಪುಟ ತೆಗೆದುಹಾಕಿ, ಸಿದ್ಧವಾಗಿ ಸಿಗುವ ಬೇರೊಂದನ್ನು ಹಾಕುವುದು ಅವರ ಯೋಚನೆ. ತೆಗೆಯುವುದಕ್ಕೆ ಪಾಸ್‌ವರ್ಡ್ ಬೇಕು. ಅದು ಸುಮಿತ್ರಾಳ ಡೈರಿಯಲ್ಲಿ, ಡೈರಿ ನನ್ನ ಹತ್ತಿರ. ಮಿಸ್ ಅವರ ದನಿಯನ್ನು ನಿಮ್ಮ ಮೊಬೈಲಿಗೆ ಹಾಕಿಕೊಡುತ್ತೇನೆ ಸರ್, ಯಾವಾಗ ಬೇಕಾದರೂ ಕೇಳಬಹುದು ಎಂದರು ಪಾಪ.

ಬೈಗುಳವನ್ನು ಡಬ್ಬಿಯಲ್ಲಿ ತುಂಬಿ ಇಟ್ಟುಕೊಂಡು ಬೇಕಾದಾಗ ತೆಗೆದು ಕೇಳುವುದಕ್ಕೆ ಅದೇನು ಉಪ್ಪಿನಕಾಯಿಯೇ? ಬೈಗುಳ ಎಂದರೆ ನಾವು ಏನಾದರೂ ಎಡವಟ್ಟು ಮಾಡಬೇಕು, ಆಗ ಅದು ಬೀಳಬೇಕು. ಆಗಲೇ ಬೈದವರು ಅಲ್ಲೇ ಎಲ್ಲೋ ಪಕ್ಕದಲ್ಲಿದ್ದಾರೆ ಅನ್ನಿಸುವುದು. ಇದನ್ನು ಆ ಹುಡುಗಿಗೆ ಹೇಗೆ ಹೇಳಲಿ? ಹಾಗೆಂದು ನನ್ನೊಬ್ಬನ ಸುಖಕ್ಕೆ ಅವರ ನೌಕರಿಗೆ ಕೆಟ್ಟ ಹೆಸರು ತರುವುದೂ ಸರಿಯಲ್ಲ. ಪಾಸ್‌ವರ್ಡ್ ಕೊಡುತ್ತೇನೆ, ಅದಕ್ಕೆ ಮೊದಲು ಒಂದು ಸಲ ಮಕ್ಕಳು ಆಡುವುದನ್ನು ನೋಡಬೇಕು ಎಂದೆ.

ಮಾರನೆಯ ದಿನ ಡಬ್ಬಿಗಳ ಸಾಲನ್ನು ಹಾಗೇ ಬಿಟ್ಟು ಶಾಲೆಗೆ ಹೋದೆ. ಕಂಪ್ಯೂಟರ್ ಕೋಣೆಯಲ್ಲಿ ಒಂದೊಂದಕ್ಕೆ ಮೂರು ಮೂರು ಮಕ್ಕಳು. ಮೂಲೆಯಲ್ಲಿ ನಮ್ಮ ಬೀದಿಯ ಪವಿತ್ರಾ. ಮಿಲ್ಲಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಇಂಗ್ಲಿಷ್ ಬರೆದು ನನ್ನಿಂದ ಎರಡು ಸಲ ಗದರಿಸಿಕೊಂಡವಳು. ಅವಳಿಗೆ ಉತ್ತರ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಅವಳ ಹಿಂದೆ ಹೋಗಿ ನಿಂತೆ. ಬಾಳೆಗೊನೆಯ ಫೋಟೋ ಬಂತು. ಅವಳು ಪಕ್ಕದವಳ ಕಡೆ ಒಮ್ಮೆ ನೋಡಿ, ಬೇಕೆಂದೇ ‘ಬಸ್’ ಎಂಬ ಚೌಕ ಒತ್ತಿದಳು. ‘ಕಣ್ಣೇನ್ ಕೊಣನೂರ್ ಸಂತೆಗ್ ಓಗವಾ?’ ಎಂದಳು ಸುಮಿತ್ರಾ. ಮೂವರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

‘ಯಾಕವ್ವಾ, ಗೊತ್ತಿದ್ದೂ ತಪ್ಪು ಒತ್ತೀಯಾ?’ ಎಂದು ಮೆಲ್ಲಗೆ ಕೇಳಿದೆ.

ಅವಳು ತಿರುಗಿ ನನ್ನನ್ನು ನೋಡಿದಳು. ನಗು ನಿಂತಿತು. ‘ಸರ್ಯಾಗ್ ಒತ್ತುದ್ರೆ ಬರೀ ಚಪ್ಪಾಳೆ ಬತ್ತದೆ ಕಣ್ ಮಾವ’ ಎಂದಳು. ‘ತಪ್ಪೊತ್ತುದ್ರೆ ಮಿಸ್ ಬತ್ತಾರೆ.’

‘ಯೋಳ್ಬ್ಯಾಡ ಅಂತ ಅಂದಿರ್ನಿಲ್ವೇನಮ್ಮಿ’ ಎಂದು ಪಕ್ಕದವಳು ಅವಳ ತೊಡೆ ಚಿವುಟಿದಳು.

ರಮ್ಯಾ ಮೇಡಂ ಬಾಗಿಲಲ್ಲೇ ನಿಂತಿದ್ದರು. ಅವರಿಗೂ ಕೇಳಿಸಿತು. ಆಮೇಲೆ ವಿಚಾರಿಸಿದರೆ ಇಡೀ ತರಗತಿಯೇ ಒಳಗೊಳಗೆ ಮಾತಾಡಿಕೊಂಡಿತ್ತು. ಯಾವ ಪ್ರಶ್ನೆಗೆ ಯಾವ ಬೈಗುಳ ಎಂಬುದು ಎಲ್ಲರಿಗೂ ಬಾಯಿಪಾಠ. ಹನ್ನೊಂದನೆಯದಕ್ಕೆ ಬೇಡಿಕೆ ಹೆಚ್ಚು. ನೂರ ಹದಿನಾರು ಸಲ ಆಡಿದ ರಂಗಸ್ವಾಮಿ ನಾನೇ ಎಂದು ಆಗ ನಾನೂ ಒಪ್ಪಿಕೊಂಡೆ. ಮೇಡಂ ಸ್ವಲ್ಪ ಹೊತ್ತು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು. ನಗುತ್ತಿದ್ದರೋ, ಬೇರೆ ಏನೋ, ನಾನು ನೋಡಲಿಲ್ಲ.

ದಾರಿ ಹೊಳೆದದ್ದು ನನಗೆ. ಇದನ್ನು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ಬೈಗುಳಗಳನ್ನೆಲ್ಲ ತೆಗೆದು ಸರಿ ಉತ್ತರಕ್ಕೆ ಹಾಕಿ, ಚಪ್ಪಾಳೆಯನ್ನು ತಪ್ಪು ಉತ್ತರಕ್ಕೆ ಹಾಕಿ ಎಂದೆ.

‘ಸರಿ ಹೇಳಿದವರಿಗೆ ಬೈಯೋದಾ ಸರ್? ಬಿ.ಎಡ್.ನಲ್ಲಿ ನಮಗೆ ಹೀಗೆ ಹೇಳಿಕೊಟ್ಟಿಲ್ಲ.’

‘ಸರಿ ಇದ್ರೂ ಬೈಸ್ಕೊಳ್ಳೋದು ಹೆಂಗೆ ಅಂತ ನಂಗೆ ಇಪ್ಪತ್ತಾರು ವರ್ಷದ ಅನುಭವ ಇದೆ ಮೇಡಂ. ಏನೂ ಆಗಲ್ಲ. ಒಂದು ವಾರ ನೋಡಿ’ ಎಂದೆ. ಪಾಸ್‌ವರ್ಡ್ ಕೊಟ್ಟೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಅವಳು ನನ್ನನ್ನು ಕರೆಯುತ್ತಿದ್ದ ಒಂದು ಹೆಸರು, ಗೌರವದ್ದಲ್ಲ.

ವಾರವೂ ಬೇಕಾಗಲಿಲ್ಲ. ನಾಲ್ಕನೇ ದಿನಕ್ಕೆ ಮಕ್ಕಳ ಮಾರ್ಕ್ಸು ಹದಿನೈದು ದಾಟಿತು. ಉತ್ತರ ಗೊತ್ತಿಲ್ಲದವರು ಗೊತ್ತಿದ್ದವರ ಹಿಂದೆ ಬಿದ್ದು ಹೇಳಿಸಿಕೊಂಡರು. ಮಿಲ್ಲಿಗೆ ಡಬ್ಬಿ ತಂದ ಮಕ್ಕಳು ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳತೊಡಗಿದರು. ಚೌಕಗಳನ್ನು ನೆನಪಿಟ್ಟುಕೊಂಡು ಒತ್ತಬಾರದೆಂದು ಮೇಡಂ ಇನ್ನೊಂದು ಬದಲಾವಣೆಯನ್ನೂ ಮಾಡಿದರು. ಉತ್ತರಗಳು ಪ್ರತಿ ಸಲವೂ ಬೇರೆ ಬೇರೆ ಚೌಕಕ್ಕೆ ಹೋಗಿ ಕೂರುತ್ತವೆ. ಓದಿಯೇ ಒತ್ತಬೇಕು.

ಸಾಹೇಬರು ಬಂದ ದಿನ ಮೇಡಂ ನನ್ನನ್ನೂ ಕರೆದಿದ್ದರು. ಸಾಹೇಬರು ಪಟ್ಟಿ ನೋಡಿ ತಲೆದೂಗಿದರು. ಅಷ್ಟಕ್ಕೇ ಎದ್ದಿದ್ದರೆ ಮುಗಿಯುತ್ತಿತ್ತು. ನೋಡೋಣ, ಇದು ಹೇಗೆ ನಡೆಯುತ್ತದೆ ಎಂದು ತಾವೇ ಕುರ್ಚಿ ಎಳೆದುಕೊಂಡು ಕುಳಿತರು. ಓದಿದವರು, ಮೊದಲನೆಯದಕ್ಕೇ ಸರಿಯಾಗಿ ಒತ್ತಿದರು. ‘ಏನ್ಲಾ ಅವಸ್ರ ನಿಂಗೆ, ಮುದ್ದೆ ಆರೋಯ್ತದಾ?’ ಎಂದು ಸ್ಪೀಕರಿನಲ್ಲಿ ಜೋರಾಗಿ ಬಂತು. ಸಾಹೇಬರು ಹಿಂದೆ ತಿರುಗಿ ನೋಡಿದರು. ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಸಾಹೇಬರು ಮತ್ತೆ ಪರದೆಯ ಕಡೆ ತಿರುಗಿ ಎರಡನೆಯದನ್ನು ಒತ್ತಿದರು. ಮತ್ತೆ ಬೈಸಿಕೊಂಡರು. ಮೂರನೆಯದಕ್ಕೆ ಅವರ ಹೆಗಲು ಕುಲುಕತೊಡಗಿತು. ಹದಿನಾಲ್ಕನೆಯದನ್ನು ರೆಕಾರ್ಡ್ ಮಾಡುವಾಗ ನಡುವೆ ಕರೆಂಟು ಬಂದು ಮಿಲ್ಲು ಶುರುವಾಗಿಬಿಟ್ಟಿತ್ತು. ಹಾಗಾಗಿ ಅದರ ಕೊನೆಯಲ್ಲಿ ‘ರೀ, ಒಂದ್ನಿಮ್ಷ ಆಫ್ ಮಾಡ್ರೀ ಅದ್ನ’ ಎಂದು ಇದೆ. ಅದು ಬಂದಾಗ ಇಡೀ ತರಗತಿ ಒಟ್ಟಿಗೆ ತಿರುಗಿ ನನ್ನನ್ನು ನೋಡಿತು. ಸಾಹೇಬರೂ ನೋಡಿದರು. ಅಭ್ಯಾಸಬಲದಿಂದ ನನ್ನ ಕೈ ಸ್ವಿಚ್ಚಿಗೆ ಹೋಗಿ, ಕೋಣೆಯ ಫ್ಯಾನು ನಿಂತಿತು.

ಇಪ್ಪತ್ತೂ ಮುಗಿಸಿ ಎದ್ದ ಸಾಹೇಬರು ರಮ್ಯಾ ಮೇಡಂಗೆ, ‘ಇದ್ನ ತೆಗೀಬ್ಯಾಡಿ ಕಣಮ್ಮಾ. ನಮ್ಮವ್ವನೂ ಇಂಗೇ ಬೈಯ್ಯೋರು’ ಎಂದರು. ಅಷ್ಟು ಹೊತ್ತು ಇಂಗ್ಲಿಷಿನಲ್ಲೇ ಮಾತಾಡಿದ್ದ ಮನುಷ್ಯ.

ಹೀಗೆ ಎಲ್ಲರ ಕಷ್ಟವೂ ತೀರಿತು, ನನ್ನದು ಶುರುವಾಯಿತು. ನಾನು ಕಷ್ಟಪಟ್ಟು ಕಲಿತ ತಪ್ಪು ಮಾಡುವ ವಿದ್ಯೆ ಈಗ ಕಾಸಿಗೂ ಬಾರದು. ಏನು ಒತ್ತಿದರೂ ಚಪ್ಪಾಳೆ. ದಿನವಿಡೀ ಚಪ್ಪಾಳೆ. ಸನ್ಮಾನಕ್ಕೆ ಕುಳಿತವನ ಹಾಗಾಯಿತು ನನ್ನ ಸ್ಥಿತಿ. ಪವಿತ್ರಾ, ‘ಯೋಳ್ಕೊಡ್ಲಾ ಮಾವ?’ ಎಂದು ಬಂದಳು. ಉತ್ತರ ಬೇಡ, ಅಕ್ಷರ ಮೊದಲಿಂದ ಹೇಳಿಕೊಡು ಎಂದೆ. ಕಾಪಿ ಹೊಡೆದು ಬೈಸಿಕೊಂಡರೆ ಸುಮಿತ್ರಾಗೆ ಗೊತ್ತಾಗದೆ ಇರುತ್ತದೆಯೇ? ಈಗ ಡಬ್ಬಿಗಳ ನಡುವೆ ಒಂದು ಕಾಪಿ ಪುಸ್ತಕ ಇಟ್ಟುಕೊಂಡಿದ್ದೇನೆ. ಪುಟಕ್ಕೆಲ್ಲ ಹಿಟ್ಟು. ಕಳೆದ ವಾರ ಒಂಬತ್ತು ಬಂತು. ರಮ್ಯಾ ಮೇಡಂ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಪರವಾಗಿಲ್ಲ’ ಎಂದು ಬರೆದಿದ್ದಾರೆ.

ನಿನ್ನೆ ಮಧ್ಯಾಹ್ನ ಹನ್ನೆರಡನೆಯದನ್ನು ಓದಿ, ಯೋಚಿಸಿ, ಒತ್ತಿದೆ. ಬೈದಳು. ‘ಎಷ್ಟ್ ಸಲ ಯೋಳ್ಕೊಡ್ಲಿ ನಿಂಗೆ?’ ನನಗೂ ರೇಗಿತು. ‘ಸರಿಯಾಗೇ ಒತ್ತಿದ್ನಲ್ಲೇ’ ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಇಷ್ಟು ವರ್ಷಗಳಲ್ಲಿ ಎದುರು ಮಾತಾಡಿದ್ದು ಅದೇ ಮೊದಲು. ಬಾಗಿಲಲ್ಲಿ ಕೆಂಪಮ್ಮಜ್ಜಿ ರಾಗಿ ಡಬ್ಬಿ ಹಿಡಿದು ನಿಂತಿದ್ದಳು.

‘ಯಾರ್ಜೊತೆ ಜಗ್ಳ ಆಡ್ತಿದ್ದೀಯಪ್ಪಾ ಒಬ್ನೇ?’

‘ಜಗ್ಳ ಅಲ್ಲ ಕಣಜ್ಜಿ. ಇಂಗ್ಲಿಷ್ ಕಲೀತಾ ಇದ್ದೀನಿ.’

‘ಅದ್ನೂ ಎಂಡ್ರು ಮೇಲ್ ರೇಗ್ದಂಗೇ ಕಲೀಬೇಕಾ?’ ಎಂದು ಅಜ್ಜಿ ಡಬ್ಬಿ ಇಳಿಸಿದಳು. ‘ಕರೆಂಟ್ ಬಂದದೆ ನೋಡು, ಆಕ್ಬುಡು ಬೇಗ.’

ಹೌದು, ಬಲ್ಬು ಹತ್ತಿಕೊಂಡಿತ್ತು. ಗಿರಾಕಿಯನ್ನು ಕಾಯಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆದರೂ ಅಜ್ಜಿಗೆ ಸ್ಟೂಲು ತೋರಿಸಿ, ಒಂದು ನಿಮಿಷ ಎಂದು ಬೆರಳೆತ್ತಿದೆ. ಹದಿಮೂರನೆಯ ಪ್ರಶ್ನೆ ಬಂದಿತ್ತು. ಉತ್ತರ ನನಗೆ ಗೊತ್ತಿತ್ತು.